ಕೌದಿಗೆ ಕತ್ತರಿಸುವ ಯಂತ್ರ ಬೇಕೆ?

ನಮ್ಮ ಗಡಿಸೀಮೆಯಲ್ಲಿ ಕನ್ನಡಿಗರು ಕೌದಿ ಎಂದು ಕರೆಯುವುದನ್ನೇ ತೆಲುಗರು ಬೊಂತ ಎನ್ನುತ್ತಾರೆ, ಮರಾಠಿಗರು ಗೋಧಡಿ ಎನ್ನುತ್ತಾರೆ. ಬಶೀರಾಬಾದಿನ ಬಳಿಯ ಹಳ್ಳಿಯೊಂದರ ಮಹಿಳಾ ಸಂಘದವರು ಕೌದಿ ಹೊಲಿದು ಮಾರುವ ಯೋಚನೆಯಲ್ಲಿದ್ದಾರೆ. ಬಟ್ಟೆಯನ್ನು ಒಂದೇ ಅಳತೆಯ ತುಂಡುಗಳಾಗಿ ಕತ್ತರಿಸುವ ಅಚ್ಚಿನ ಯಂತ್ರವೊಂದನ್ನು ಅವರು ಫೋನಿನಲ್ಲಿ ಕಂಡರಂತೆ. ‘ಸಾಲ ತಗೊಂಡು ತಂದರ ಹೆಂಗರಿ, ಸರ?’ ಎಂಬುದು ಅವರು ನಮ್ಮ ಮುಂದಿಟ್ಟ ಪ್ರಶ್ನೆ. ಸಂಘದ ಸಾಲವೆಂದರೆ ಎಲ್ಲ ಮನೆಗಳ ಹೊಣೆ. ಯಂತ್ರ ಮೂಲೆ ಸೇರಿದರೂ ತಿಂಗಳ ಕಂತು ನಿಲ್ಲದು. ಆದುದರಿಂದ ಈ ಸಲದ ಅಂಕಣವನ್ನು ಈ ವಿಚಾರಕ್ಕೇ ಮೀಸಲಿಟ್ಟಿದ್ದೇವೆ.

ಮೊದಲು ಯಂತ್ರದ ಕ್ರಮವನ್ನು ತಿಳಿಯೋಣ. ಬೇಕಾದ ಆಕಾರಕ್ಕೆ ಬಗ್ಗಿಸಿದ ಉಕ್ಕಿನ ಅಲಗನ್ನು ಹಲಗೆಯಲ್ಲಿ ಕೂರಿಸಿ, ಅದರ ಸುತ್ತ ಸ್ಪಂಜಿನ ಮೆತ್ತೆ ಹಾಕಿರುತ್ತಾರೆ. ಇದೇ ಅಚ್ಚು, ಡೈ ಎಂದೂ ಹೇಳುವುದುಂಟು. ಅದರ ಮೇಲೆ ಬಟ್ಟೆಯನ್ನು ಪದರ ಪದರವಾಗಿ ಹಾಸಿ, ಮೇಲೊಂದು ಪ್ಲಾಸ್ಟಿಕ್ ಹಲಗೆಯಿಟ್ಟು, ಕಬ್ಬಿನ ಗಾಣದಲ್ಲಿ ಜಲ್ಲೆಯನ್ನು ಹಾಯಿಸುವಂತೆ ಎರಡು ಉರುಳೆಗಳ ನಡುವೆ ಹಾಯಿಸಬೇಕು. ಹತ್ತಿಯ ತೆಳುಬಟ್ಟೆಯಾದರೆ ಆರು ಪದರಗಳವರೆಗೆ ಒಮ್ಮೆಗೇ ಕತ್ತರಿಸಿ ಕೊಡುವ ಕೈಯಂತ್ರಗಳಿವೆ. ತುಂಡುಗಳು ಕೂದಲೆಳೆಯಷ್ಟೂ ಹೆಚ್ಚುಕಡಿಮೆಯಾಗವು. ಆದರೆ ಒಂದು ಅಚ್ಚಿಗೆ ಒಂದೇ ಆಕಾರ. ಅಳತೆ ಬದಲಾದರೆ ಇನ್ನೊಂದು ಅಚ್ಚನ್ನು ಕೊಳ್ಳಬೇಕು. ಅಲಗಿನ ಒತ್ತಡದಿಂದ ಪ್ಲಾಸ್ಟಿಕ್ ಹಲಗೆಯೂ ಸವೆಯುತ್ತದೆ. ಅದನ್ನೂ ಆಗಾಗ ಬದಲಿಸಬೇಕು. ಯಂತ್ರದ ಬೆಲೆಯೊಡನೆ ಈ ವೆಚ್ಚಗಳನ್ನೂ ಕೂಡಿಸದ ಲೆಕ್ಕ ಅರ್ಧ ಲೆಕ್ಕ.

ಇನ್ನು ದುಡಿಮೆಯ ಲೆಕ್ಕ. 6 ಅಡಿ ಉದ್ದ, 4 ಅಡಿ ಅಗಲದ ಕೌದಿಯನ್ನು ತೆಗೆದುಕೊಳ್ಳೋಣ. ಅದಕ್ಕೆ ಹೊಲಿದ ಮೇಲೆ 6 ಅಂಗುಲ ಉಳಿಯುವ ಚೌಕಗಳು 96 ಬೇಕು. ಕತ್ತರಿಯಿಂದ ನಿಮಿಷಕ್ಕೊಂದರಂತೆ ಕತ್ತರಿಸಿದರೆ 96 ನಿಮಿಷ, ಅಂದರೆ ಒಂದೂವರೆ ಗಂಟೆಯ ಮೇಲೆ ತುಸು. ಯಂತ್ರದಲ್ಲಾದರೆ ಆರಾರು ಪದರದಂತೆ 16 ಸಲ ಹಾಯಿಸಿದರೆ ಸಾಕು. ಇಲ್ಲಿಯವರೆಗೆ ಯಂತ್ರವೇ ಗೆದ್ದಂತೆ ಕಾಣುತ್ತದೆ. ಮುಂದೆ ನೋಡಿ. ಅರ್ಧ ಅಂಗುಲಕ್ಕೊಂದು ಸಾಲಿನಂತೆ ಉದ್ದಕ್ಕೂ ಹೊಲಿದರೆ 96 ಸಾಲು. ಸಾಲಿಗೆ 6 ಅಡಿಯಂತೆ 576 ಅಡಿ ಹೊಲಿಗೆ. ಅಂಗುಲಕ್ಕೆ ನಾಲ್ಕು ಎಂದರೂ 27,648 ಹೊಲಿಗೆಗಳು! ನಿಮಿಷಕ್ಕೆ ಇಪ್ಪತ್ತು ಹೊಲಿಗೆ ಹಾಕುವ ಚುರುಕುಕೈಗೂ ಇದು 23 ಗಂಟೆಯ ಕೆಲಸ. ತುಂಡುಗಳನ್ನು ಜೋಡಿಸುವ ಹೊತ್ತು ಬೇರೆ. ಯಂತ್ರ ಉಳಿಸುವುದು ಒಂದೂವರೆ ಗಂಟೆಯೊಳಗಿನ ಭಾಗವನ್ನು ಮಾತ್ರ. ಹೊಲಿಗೆಯ 23 ಗಂಟೆಯನ್ನು ಅದು ಮುಟ್ಟುವುದೂ ಇಲ್ಲ.

ಇದಕ್ಕಿಂತ ಮುಖ್ಯವಾದುದು ಬಟ್ಟೆಯ ಗುಣ. ಈ ಯಂತ್ರ ಥಾನಿನಿಂದ ಹೊಸ ಬಟ್ಟೆ ತಂದು ಹೊಲಿಯುವವರಿಗಾಗಿ ಹುಟ್ಟಿದ್ದು. ನಮ್ಮ ಕೌದಿಯಾದರೋ ಹಳೆಯ ಸೀರೆ, ಧೋತರ, ಮಕ್ಕಳ ಅಂಗಿಗಳಿಂದ ಹುಟ್ಟುತ್ತದೆ. ಸೀರೆಯ ನಡುಭಾಗ ಸವೆದಿದ್ದರೂ ಅಂಚು ಗಟ್ಟಿಯಿರುತ್ತದೆ. ಎಲ್ಲಿ ಹರಿಯಬೇಕು, ಯಾವ ತುಂಡನ್ನು ಮೇಲೆ ಹಾಕಬೇಕು, ಯಾವುದನ್ನು ಒಳಪದರಕ್ಕೆ ಸೇರಿಸಬೇಕು ಎಂಬುದನ್ನು ಬೆರಳು ಮುಟ್ಟಿ ತೀರ್ಮಾನಿಸುತ್ತದೆ. ದರ್ಜಿಯ ಅಂಗಡಿಯಲ್ಲಿ ಸಿಕ್ಕುವ ಮೂರು ಬೆರಳಗಲದ ಪಟ್ಟಿಗೂ ಕೌದಿಯಲ್ಲಿ ಸ್ಥಾನವುಂಟು. ಆರೂವರೆ ಅಂಗುಲದ ಅಚ್ಚಿಗೆ ಅದು ಬರಿಯ ಕಸ.

ಉತ್ತರ ಕನ್ನಡದ ಹಳಿಯಾಳ, ಯಲ್ಲಾಪುರ, ಮುಂಡಗೋಡ ಸೀಮೆಯ ಸಿದ್ದಿ ಮಹಿಳೆಯರ ಕವಂದಿ ಇದಕ್ಕೆ ಒಳ್ಳೆಯ ನಿದರ್ಶನ. ಅವರು ಅಂಚಿನಿಂದ ಆರಂಭಿಸಿ ಸುತ್ತುತ್ತ ಸುತ್ತುತ್ತ ನಡುವಿಗೆ ಬರುತ್ತಾರೆ. ಆಯಾ ಜಾಗಕ್ಕೆ ಒಪ್ಪುವ ತುಂಡನ್ನು ಅಲ್ಲಲ್ಲೇ ಆರಿಸಿ, ಅಂಚು ಮಡಿಚಿ ಹೊಲಿಯುತ್ತಾರೆ. ಎಲ್ಲವನ್ನೂ ಮೊದಲೇ ಕತ್ತರಿಸಿಡುವ ಪದ್ಧತಿ ಅಲ್ಲಿ ಸಲ್ಲದು. ಈ ಕವಂದಿಗಳು 2011ರಲ್ಲಿ ನ್ಯೂಯಾರ್ಕಿನ ಷೋಂಬರ್ಗ್ ಕೇಂದ್ರದಲ್ಲಿ ಪ್ರದರ್ಶನಗೊಂಡವು. ಒಂದು ತುಂಡಿನಂತೆ ಇನ್ನೊಂದು ಇಲ್ಲದಿರುವುದು ಅವಕ್ಕೆ ಕುಂದಾಗಲಿಲ್ಲ.

ಹಾಗೆಂದು ಯಂತ್ರವನ್ನು ಹಳಿಯುವುದು ನಮ್ಮ ಉದ್ದೇಶವಲ್ಲ. ನೆರೆಯ ತಾಂಡೂರಿನಲ್ಲಿ ಹಾಸುಬಂಡೆಯನ್ನು ಯಂತ್ರದಿಂದ ಕೊಯ್ಯುತ್ತಾರೆ. ಅಲ್ಲಿ ಕೊಯ್ಯುವುದೇ ದೊಡ್ಡ ದುಡಿಮೆ; ಕೊಳ್ಳುವವನಿಗೂ ಒಂದೇ ಅಳತೆಯ ಕಲ್ಲೇ ಬೇಕು. ಈ ಎರಡೂ ಕಾರಣಗಳು ಕೂಡಿದಲ್ಲಿ ಯಂತ್ರಕ್ಕೆ ಹಾಕಿದ ಹಣ ಮರಳುತ್ತದೆ. ಹೊಲಿಗೆಯಲ್ಲಿಯೂ ಅಂಥ ಸಂದರ್ಭವುಂಟು. ಅಮೆರಿಕದ ಅಲಬಾಮಾ ಪ್ರಾಂತ್ಯದಲ್ಲಿ ಬಡ ಕಪ್ಪು ಮಹಿಳೆಯರು 1966ರಲ್ಲಿ ಕೌದಿ ಹೊಲಿಯುವ ಸಹಕಾರಿ ಸಂಘವೊಂದನ್ನು ಕಟ್ಟಿದರು. 1972ರಲ್ಲಿ ಸಿಯರ್ಸ್ ಎಂಬ ದೊಡ್ಡ ವ್ಯಾಪಾರ ಸಂಸ್ಥೆಗೆ ದಿಂಬಿನ ಹೊದಿಕೆಗಳನ್ನು ಹೊಲಿದುಕೊಡುವ ಕರಾರು ಅವರಿಗೆ ದೊರೆಯಿತು. ಇಂಥ ಗುತ್ತಿಗೆಯಲ್ಲಿ ಅಳತೆಯೇ ಒಡೆಯ. ಆದರೆ ಮಿಕ್ಕ ಚೂರುಗಳನ್ನು ಆ ಹೆಂಗಸರು ಎಸೆಯಲಿಲ್ಲ. ಅವುಗಳಿಂದ ತಮ್ಮ ಕೌದಿಗಳನ್ನು ತಮ್ಮ ಇಷ್ಟದಂತೆ ಹೊಲಿದರು.

ಆದುದರಿಂದ ಸಂಘದ ಸೋದರಿಯರಿಗೆ ನಮ್ಮ ಸಲಹೆ ಇಷ್ಟು. ಸಾಲದ ಕಾಗದಕ್ಕೆ ಸಹಿ ಹಾಕುವ ಮುನ್ನ ತಗಡಿನಲ್ಲಿಯೋ ದಪ್ಪ ರಟ್ಟಿನಲ್ಲಿಯೋ ಆರೂವರೆ ಅಂಗುಲದ ಒಂದು ಮಾದರಿ ಚೌಕ ಮಾಡಿಕೊಳ್ಳಿ. ಅದನ್ನಿಟ್ಟು ಗೆರೆ ಎಳೆದು ಕತ್ತರಿಸಿ ಒಂದು ಕೌದಿ ಹೊಲಿಯಿರಿ. ಶಾಲೆ ಓದುವ ಹುಡುಗಿಯೊಬ್ಬಳ ಕೈಗೆ ಗಡಿಯಾರ, ಪಟ್ಟಿಪುಸ್ತಕ ಕೊಟ್ಟು ಕತ್ತರಿಸಿದ ಹೊತ್ತು, ಜೋಡಿಸಿದ ಹೊತ್ತು, ಹೊಲಿದ ಹೊತ್ತುಗಳನ್ನು ಬೇರೆ ಬೇರೆಯಾಗಿ ಬರೆಯಿಸಿ. ಕತ್ತರಿಸುವುದರಲ್ಲಿ ತಿಂಗಳಿಗೆ ಉಳಿಯುವ ಗಂಟೆಗಳ ಕೂಲಿ ಕಂತಿಗಿಂತ ಕಡಿಮೆಯಾದರೆ ಯಂತ್ರ ಬೇಡ. ಕತ್ತರಿ ಹಿಡಿದು ಬೆರಳು ನೊಂದರೆ 1979ರಲ್ಲಿ ಜಪಾನಿನ ಓಲ್ಫಾ ಸಂಸ್ಥೆ ಹೊರತಂದ ಚಕ್ರದಂಥ ಉರುಳುಬ್ಲೇಡಿನ ಮಾದರಿಯದು ಯಂತ್ರಕ್ಕಿಂತ ಬಹಳ ಅಗ್ಗಕ್ಕೆ ಸಿಗುತ್ತದೆ. ಅದರ ಅಲಗು ಬಲು ಹರಿತ. ಮಕ್ಕಳ ಕೈಗೆ ಸಿಗಬಾರದು.

ನಾಳೆ ಯಾರಾದರೂ ಒಂದೇ ಅಳತೆಯ ನೂರಾರು ಚೀಲ ಇಲ್ಲವೆ ದಿಂಬಿನ ಹೊದಿಕೆಗಳಿಗೆ ಬರಹದಲ್ಲಿ ಕರಾರು ಕೊಟ್ಟು, ಮುಂಗಡ ಹಣ ಎಣಿಸಿದರೆ ಆಗ ಯಂತ್ರದ ಮಾತನ್ನು ಮತ್ತೆ ಎತ್ತೋಣ. ಈಗ ಕೈಯಲ್ಲಿರುವ ಹಣವನ್ನು ಒಳ್ಳೆಯ ನೂಲು, ಸೂಜಿ, ಬೆರಳುಗಾಪು, ಸಂಜೆ ಹೊಲಿಯುವವರ ಕಣ್ಣಿಗೆ ಸಾಲುವಷ್ಟು ಬೆಳಕು ಇವುಗಳಿಗೆ ವೆಚ್ಚಮಾಡಿರಿ. ಆ ಇಪ್ಪತ್ತಮೂರು ಗಂಟೆಗಳ ದುಡಿಮೆಗೆ ನೆರವಾಗುವ ಉಪಕರಣಗಳು ಇವೇ.