ಶಿವಾಜಿ ಪಾರ್ಕ್‌ಗೆ ಹುಲ್ಲು: ಹಣಕ್ಕಿಂತ ಮೊದಲು ಬೇಕಾದದ್ದು ಪಂಚಾಂಗ

ಮುಂಬಯಿ: ದಾದರ್ ಪಶ್ಚಿಮದ ಶಿವಾಜಿ ಪಾರ್ಕ್ ಮೈದಾನದ ಧೂಳನ್ನು ತಡೆಯುವುದು ಹೇಗೆ ಎಂಬ ಪ್ರಶ್ನೆ ಮುಂಬಯಿ ಮಹಾನಗರ ಪಾಲಿಕೆಯನ್ನು ಹಲವು ವರ್ಷಗಳಿಂದ ಕಾಡುತ್ತಿದೆ. ಕೆಂಪು ಮಣ್ಣು ಹಾಕಿದ್ದಾಯಿತು, ನೀರು ಚಿಮುಕಿಸಿದ್ದಾಯಿತು, 2021ರಲ್ಲಿ ಮಳೆನೀರು ಕೊಯ್ಲಿನ ಕಾಮಗಾರಿಯನ್ನೂ ಕೈಗೆತ್ತಿಕೊಂಡದ್ದಾಯಿತು. ಆದರೂ ಚಳಿಗಾಲ ಬಂದು ಗಾಳಿ ಬೀಸತೊಡಗಿದರೆ ಸುತ್ತಲಿನ ಮನೆಗಳ ಕಿಟಕಿ ಮುಚ್ಚುವುದು ತಪ್ಪಿಲ್ಲ. ನಿವಾಸಿಗಳ ದೂರು ಮಹಾರಾಷ್ಟ್ರ ಮಾಲಿನ್ಯ ನಿಯಂತ್ರಣ ಮಂಡಳಿಯವರೆಗೂ ಹೋಯಿತು. ಮಂಡಳಿಯು 2025ರ ಆರಂಭದಲ್ಲಿ ಪಾಲಿಕೆಗೆ ಕ್ರಮ ಕೈಗೊಳ್ಳುವಂತೆ ಸೂಚಿಸಿತು. ಐಐಟಿ ಮುಂಬಯಿಯ ತಜ್ಞರ ಸಲಹೆ ಕೇಳಲಾಯಿತು. ಮೇಲ್ಮಣ್ಣು ತೆಗೆಯಬೇಕೋ, ಇದ್ದ ಮಣ್ಣಿನ ಮೇಲೆಯೇ ಹುಲ್ಲು ಬೆಳೆಸಬೇಕೋ ಎಂಬ ಚರ್ಚೆ ನಡೆದು, ಹುಲ್ಲಿನ ಕಡೆಗೆ ಒಲವು ಮೂಡಿತು.

ಹುಲ್ಲು ಬೇಕು ಎಂಬುದರಲ್ಲಿ ಎರಡು ಮಾತಿಲ್ಲ. ಆದರೆ ಅದು ಯಾವ ತಿಂಗಳಲ್ಲಿ ಬೇರು ಬಿಡಬೇಕು, ಯಾವ ತಿಂಗಳಲ್ಲಿ ಅದರ ಮೇಲೆ ಮಂಟಪ ಏಳುತ್ತದೆ ಎಂಬ ಲೆಕ್ಕವನ್ನು ಜೊತೆಗೇ ಇಟ್ಟು ನೋಡದಿದ್ದರೆ ಈ ಯೋಜನೆಯೂ ಹಿಂದಿನವುಗಳ ದಾರಿಯನ್ನೇ ಹಿಡಿದೀತು.

ಸುಮಾರು 28 ಎಕರೆಯ ಈ ಮೈದಾನವನ್ನು ಪಾಲಿಕೆ ಸಾರ್ವಜನಿಕರಿಗೆ ತೆರೆದದ್ದು 1925ರಲ್ಲಿ. ಆಗ ಅದರ ಹೆಸರು ಮಾಹಿಮ್ ಪಾರ್ಕ್. ಛತ್ರಪತಿ ಶಿವಾಜಿ ಮಹಾರಾಜರ 300ನೇ ಜನ್ಮ ವರ್ಷಾಚರಣೆಯ ಸಂದರ್ಭದಲ್ಲಿ, 1927ರಲ್ಲಿ, ನಗರ ಸೇವಕಿ ಅವಂತಿಕಾಬಾಯಿ ಗೋಖಲೆ ಅವರ ಒತ್ತಾಯದಿಂದ ಶಿವಾಜಿ ಪಾರ್ಕ್ ಎಂಬ ಹೆಸರು ಬಂತು. 2020ರಲ್ಲಿ ಅದು ಛತ್ರಪತಿ ಶಿವಾಜಿ ಮಹಾರಾಜ್ ಪಾರ್ಕ್ ಆಯಿತು. ನೂರು ವರ್ಷ ದಾಟಿದ ಈ ಮೈದಾನಕ್ಕೆ ಎತ್ತರದ ಕೋಟೆಗೋಡೆಯಿಲ್ಲ, ಒಳಗೆ ಹೋಗಲು ಟಿಕೇಟು ಇಲ್ಲ. ಸುತ್ತ ಇರುವುದು ಕುಳಿತು ಮಾತನಾಡುವಷ್ಟು ಎತ್ತರದ ಕಟ್ಟೆ ಮಾತ್ರ. ಮರಾಠಿಯವರು ಅದನ್ನು 'ಕಟ್ಟಾ' ಎನ್ನುತ್ತಾರೆ, ನಮ್ಮ ಊರಿನ ಅರಳಿ ಕಟ್ಟೆಯ ಹಾಗೆ.

ಅಜಿತ್ ವಾಡೇಕರ್, ಸಂದೀಪ್ ಪಾಟೀಲ್, ಸಚಿನ್ ತೆಂಡೂಲ್ಕರ್ ಅವರಂಥ ಆಟಗಾರರ ಹೆಸರು ಈ ಮಣ್ಣಿನೊಂದಿಗೆ ಬೆರೆತಿದೆ. ಇಲ್ಲಿ ಶಿಷ್ಯರನ್ನು ತಯಾರು ಮಾಡಿದ ತರಬೇತುದಾರ ರಮಾಕಾಂತ್ ಆಚ್ರೇಕರ್ ಅವರ ಸ್ಮಾರಕವೂ 2024ರ ಡಿಸೆಂಬರ್‌ನಲ್ಲಿ ಇಲ್ಲಿಯೇ ಅನಾವರಣಗೊಂಡಿತು. 1925ರಲ್ಲೇ ಆರಂಭವಾದ ಶ್ರೀ ಸಮರ್ಥ ವ್ಯಾಯಾಮ ಮಂದಿರದಲ್ಲಿ ಇಂದಿಗೂ ಮಕ್ಕಳು ಮಲ್ಲಕಂಬ ಏರುತ್ತಾರೆ.

ಆಟದಷ್ಟೇ ಹಳೆಯದು ಇಲ್ಲಿನ ಸಭೆಗಳ ಇತಿಹಾಸ. ಸಂಯುಕ್ತ ಮಹಾರಾಷ್ಟ್ರ ಚಳವಳಿಯ ಕಾಲದಲ್ಲಿ ಆಚಾರ್ಯ ಅತ್ರೆಯವರ ಭಾಷಣಗಳಿಗೆ ಜನಸಾಗರ ಸೇರಿದ್ದು ಇಲ್ಲಿ. ಶಿವಸೇನೆಯ ಮೊದಲ ದಸರಾ ಸಭೆ 1966ರಲ್ಲಿ ನಡೆದದ್ದು ಇಲ್ಲಿ. 2012ರಲ್ಲಿ ಬಾಳಾಸಾಹೇಬ ಠಾಕ್ರೆಯವರಿಗೆ, 2022ರಲ್ಲಿ ಲತಾ ಮಂಗೇಶ್ಕರ್ ಅವರಿಗೆ ಅಂತಿಮ ವಿದಾಯ ಹೇಳಿದ್ದೂ ಇಲ್ಲಿಯೇ. ಪ್ರತಿ ಡಿಸೆಂಬರ್ 6ರಂದು ಡಾ. ಬಿ.ಆರ್. ಅಂಬೇಡ್ಕರ್ ಅವರಿಗೆ ವಂದಿಸಲು ಚೈತ್ಯಭೂಮಿಗೆ ಬರುವ ಲಕ್ಷಾಂತರ ಜನರಿಗೆ ಪಾಲಿಕೆ ನೆರಳು, ನೀರು ಒದಗಿಸುವುದು ಇದೇ ಮೈದಾನದಲ್ಲಿ. ದೂರದ ಹಳ್ಳಿಗಳಿಂದ ಬರುವ ಆ ಬಡ ಜನರಿಗೆ ಬೇರೆ ಜಾಗ ಹುಡುಕಿಕೊಳ್ಳಿ ಎನ್ನುವುದು ನ್ಯಾಯವಲ್ಲ. ಆಟ ಮತ್ತು ಸಭೆ, ಎರಡೂ ಈ ಮೈದಾನದ ಹಕ್ಕುದಾರರೇ.

ಇವೆರಡರ ನಡುವೆ ಗಡಿ ಹಾಕುವ ಕೆಲಸ ನ್ಯಾಯಾಲಯದವರೆಗೂ ಹೋಗಿತ್ತು. ನಿವಾಸಿಗಳ ಸಂಸ್ಥೆಯೊಂದು ಸಲ್ಲಿಸಿದ ಅರ್ಜಿಯ ಮೇರೆಗೆ ಬಾಂಬೆ ಹೈಕೋರ್ಟ್ 2010ರಲ್ಲಿ ಈ ಪ್ರದೇಶವನ್ನು ನಿಶ್ಶಬ್ದ ವಲಯವೆಂದು ಪರಿಗಣಿಸಿತು. ಆಟವಲ್ಲದ ಕಾರ್ಯಕ್ರಮಗಳಿಗೆ ವರ್ಷದಲ್ಲಿ 45 ದಿನಗಳ ಮಿತಿ ಬಂತು.

ವರ್ಷಕ್ಕೆ 365 ದಿನ. ಅದರಲ್ಲಿ 45 ದಿನ ಎಂದರೆ ಎಂಟರಲ್ಲಿ ಒಂದು ಪಾಲು. ಕೇಳಲು ಇದು ಹೆಚ್ಚೇನಲ್ಲ. ಆದರೆ ಮಂಟಪ ತಾನಾಗಿ ಏಳುವುದಿಲ್ಲ. ಲಾರಿಗಳು ಒಳಗೆ ಬರಬೇಕು, ಕಂಬಕ್ಕೆ ಗುಂಡಿ ತೋಡಬೇಕು, ಸಭೆ ಮುಗಿದ ಮೇಲೆ ಎಲ್ಲವನ್ನೂ ಕಳಚಿ ಸಾಗಿಸಬೇಕು. ಒಂದು ದಿನದ ಕಾರ್ಯಕ್ರಮಕ್ಕೆ ಹಿಂದೆ ಮುಂದೆ ಒಂದೊಂದೇ ದಿನ ಸೇರಿಸಿದರೂ ಮೈದಾನದ ಪಾಲಿಗೆ ಒಂದು ದಿನ ಮೂರು ದಿನವಾಗುತ್ತದೆ. ಜನರ ಕಾಲ್ತುಳಿತಕ್ಕಿಂತ ಲಾರಿಯ ಗಾಲಿ ಮಣ್ಣನ್ನು ಹೆಚ್ಚು ಗಟ್ಟಿ ಮಾಡುತ್ತದೆ. ಗಟ್ಟಿಯಾದ ಮಣ್ಣಿನಲ್ಲಿ ನೀರು ಇಂಗುವುದಿಲ್ಲ, ಬೇರು ಇಳಿಯುವುದಿಲ್ಲ.

ಇದಕ್ಕಿಂತ ಮುಖ್ಯವಾದದ್ದು ತಿಂಗಳುಗಳ ಲೆಕ್ಕ. ಮುಂಬಯಿಯ ಮಳೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ. ಆ ನಾಲ್ಕು ತಿಂಗಳು ಮೈದಾನದಲ್ಲಿ ಹುಲ್ಲು ತಾನಾಗಿಯೇ ಚಿಗುರುತ್ತದೆ, ಯಾರೂ ಧೂಳಿನ ದೂರು ಕೊಡುವುದಿಲ್ಲ. ಮಳೆ ನಿಂತು, ಆ ಹುಲ್ಲಿಗೆ ನೀರೂ ವಿಶ್ರಾಂತಿಯೂ ಬೇಕಾದ ಹೊತ್ತಿಗೆ ಸರಿಯಾಗಿ ಕಾರ್ಯಕ್ರಮಗಳ ಸಾಲು ಶುರುವಾಗುತ್ತದೆ. ದಸರಾ ಸಭೆ, ದೀಪಾವಳಿಯ ದೀಪೋತ್ಸವ, ಡಿಸೆಂಬರ್ 6, ಗಣರಾಜ್ಯೋತ್ಸವದ ಪಥಸಂಚಲನ, ಗುಡಿಪಾಡ್ವದ ಸಭೆ, ಮೇ 1ರ ಮಹಾರಾಷ್ಟ್ರ ದಿನ, ಇವೆಲ್ಲವೂ ಮಳೆ ಹಿಂದೆ ಸರಿದ ಮೇಲಿನ ಏಳೆಂಟು ತಿಂಗಳಲ್ಲೇ ಬರುತ್ತವೆ. ಕ್ರಿಕೆಟ್ ಪಂದ್ಯಗಳ ಕಾಲವೂ ಅದೇ. ಹುಲ್ಲಿಗೆ ಬಿಡುವು ಬೇಕಾದಾಗ ಬಿಡುವಿಲ್ಲ, ಬಿಡುವಿದ್ದಾಗ ಅದು ಬೇಕಾಗಿಲ್ಲ. ಧೂಳಿನ ಮೂಲ ಕಾರಣ ಇದೇ. ಖಾತೆಗೆ ಹಣ ತುಂಬದೆ ಚೆಕ್ ಬರೆಯುತ್ತ ಹೋದಂತೆ ಈ ಮೈದಾನದಿಂದ ಪ್ರತಿ ವರ್ಷ ತೆಗೆಯುವುದೇ ಆಗಿದೆ.

ಪಾಲಿಕೆಗೆ ಹಣದ ಕೊರತೆಯೆಂದು ಹೇಳುವಂತಿಲ್ಲ. 2025-26ನೇ ಸಾಲಿನ ಅದರ ಮುಂಗಡ ಪತ್ರ 74,427 ಕೋಟಿ ರೂಪಾಯಿಯದು. ಅದರ ಮುಂದೆ ಒಂದು ಮೈದಾನದ ಹುಲ್ಲಿನ ಖರ್ಚು ದೊಡ್ಡದಲ್ಲ. ಆದರೆ ಕಾಮಗಾರಿಗೆ ಹಣ ಮಂಜೂರು ಮಾಡುವುದು ಒಂದು, ದಿನನಿತ್ಯದ ಆರೈಕೆ ಇನ್ನೊಂದು. ಕಾಮಗಾರಿಗೆ ಟೆಂಡರ್ ಇದೆ, ಫಲಕವಿದೆ, ಉದ್ಘಾಟನೆಯಿದೆ. ಮಾಲಿಯ ಸಂಬಳ, ಪೈಪಿನ ದುರಸ್ತಿ, ಹುಲ್ಲು ಕತ್ತರಿಸುವ ಯಂತ್ರದ ಇಂಧನ, ಇವಕ್ಕೆ ಯಾರೂ ರಿಬ್ಬನ್ ಕತ್ತರಿಸುವುದಿಲ್ಲ. ಮೈದಾನ ಬದುಕುವುದು ಮಾತ್ರ ಈ ಎರಡನೆಯ ಖರ್ಚಿನಿಂದ.

ಪರಿಹಾರ ಕಷ್ಟದ್ದೇನಲ್ಲ. ಮೈದಾನವನ್ನು ಭಾಗಗಳಾಗಿ ವಿಂಗಡಿಸಿ, ಸರದಿಯಂತೆ ಒಂದೊಂದು ಭಾಗಕ್ಕೆ ವಿಶ್ರಾಂತಿ ಕೊಡಬಹುದು. ವೇದಿಕೆ ಮತ್ತು ವಾಹನಗಳಿಗೆ ಒಂದೇ ನಿಗದಿತ ಅಂಚನ್ನು ಗುರುತಿಸಿ, ಉಳಿದ ಕಡೆ ಗಾಲಿ ಇಳಿಯದಂತೆ ನೋಡಬಹುದು. ಕಾರ್ಯಕ್ರಮ ನಡೆಸುವವರು ಯಾರೇ ಆಗಿರಲಿ, ಮೈದಾನವನ್ನು ಮೊದಲಿದ್ದಂತೆ ಮಾಡಿಕೊಡುವ ಖರ್ಚಿಗೆ ಸಾಕಾಗುವಷ್ಟು ಠೇವಣಿ ಪಡೆಯಬಹುದು. ವರ್ಷದ ಆರಂಭದಲ್ಲೇ 45 ದಿನಗಳ ಪಟ್ಟಿಯನ್ನು ಮೈದಾನದ ದ್ವಾರದಲ್ಲಿ ತೂಗುಹಾಕಿದರೆ ಯಾವ ದಿನ ಯಾರದು ಎಂಬುದು ಎಲ್ಲರಿಗೂ ತಿಳಿಯುತ್ತದೆ.

ಎಚ್ಚರ ವಹಿಸಬೇಕಾದ ಇನ್ನೊಂದು ವಿಷಯವಿದೆ. ಹುಲ್ಲು ಉಳಿಸುವ ನೆಪದಲ್ಲಿ ಬೇಲಿ, ಬೇಲಿಯ ಹಿಂದೆಯೇ ಶುಲ್ಕ ಬರಬಾರದು. ಅಂದವಾದ ಮೈದಾನದೊಳಗೆ ಚಾಳಿನ ಹುಡುಗ ಬ್ಯಾಟು ಹಿಡಿದು ಬರುವಂತಿಲ್ಲ ಎಂದಾದರೆ ಅದು ಅಭಿವೃದ್ಧಿಯಲ್ಲ. ಧೂಳಿದ್ದರೂ ಶಿವಾಜಿ ಪಾರ್ಕ್ ನೂರು ವರ್ಷ ಎಲ್ಲರದೂ ಆಗಿತ್ತು, ಹುಲ್ಲು ಬಂದ ಮೇಲೂ ಹಾಗೆಯೇ ಇರಬೇಕು.

ತುಳು-ಕನ್ನಡಿಗರಿಗೆ ಇದು ಬೇರೆಯವರ ಮನೆಯ ಸುದ್ದಿಯಲ್ಲ. ದಾದರ್, ಮಾಟುಂಗಾ, ಮಾಹಿಮ್, ವಡಾಲದಲ್ಲಿ ಹೋಟೆಲು, ಕಚೇರಿಗಳ ದುಡಿಮೆಯ ಮೇಲೆ ಸಂಸಾರ ಕಟ್ಟಿದ ನಮ್ಮವರ ಎಷ್ಟೋ ಮಕ್ಕಳಿಗೆ ಒಂದು ಕೋಣೆಯ ಮನೆಯಲ್ಲಿ ಸಿಗದ ಅಂಗಳ ಸಿಕ್ಕಿದ್ದು ಇಂಥ ಮೈದಾನಗಳಲ್ಲೇ. ನಮ್ಮ ಸಂಘ-ಸಂಸ್ಥೆಗಳ ವಾರ್ಷಿಕ ಕ್ರೀಡಾಕೂಟ, ಕ್ರಿಕೆಟ್, ಕಬಡ್ಡಿ, ಥ್ರೋಬಾಲ್, ಹಗ್ಗಜಗ್ಗಾಟ ಎಲ್ಲವೂ ನಗರದ ಯಾವುದಾದರೊಂದು ಮೈದಾನವನ್ನೇ ನಂಬಿಕೊಂಡಿವೆ. ಶಿವಾಜಿ ಪಾರ್ಕ್‌ನಲ್ಲಿ ಪಾಲಿಕೆ ಯಾವ ಪದ್ಧತಿ ಹಾಕುತ್ತದೋ ಅದೇ ನಾಳೆ ಮುಲುಂಡ್, ಬೊರಿವಲಿಯ ಮೈದಾನಗಳಿಗೂ ಮಾದರಿಯಾಗುವ ಸಾಧ್ಯತೆ ಇದೆ.

ಹಾಗೆಂದು ಪಾಲಿಕೆಯ ಕಡೆಗೆ ಬೆರಳು ತೋರಿಸಿದರಷ್ಟೇ ಸಾಲದು. ಕ್ರೀಡಾಕೂಟದ ಸಂಜೆ ಬಹುಮಾನ ವಿತರಣೆ ಮುಗಿದ ಬಳಿಕ ನಾವು ಬಿಟ್ಟುಹೋಗುವ ಕಂಬದ ಗುಂಡಿ, ಊಟದ ತಟ್ಟೆ, ನೀರಿನ ಬಾಟಲಿಗಳ ಲೆಕ್ಕವೂ ಇದೆ. ಮೈದಾನ ಬಾಡಿಗೆಗೆ ಪಡೆದ ಸಂಘವು ಮರುದಿನ ಬೆಳಿಗ್ಗೆ ಹತ್ತು ಮಂದಿ ಯುವಕರನ್ನು ಕಳಿಸಿ ಗುಂಡಿ ಮುಚ್ಚಿಸಿದರೆ ಖರ್ಚಿಲ್ಲ, ಗೌರವವಿದೆ.

2022ರ ಮಾರ್ಚ್‌ನಲ್ಲಿ ಅವಧಿ ಮುಗಿದ ಮೇಲೆ ಸುಮಾರು ನಾಲ್ಕು ವರ್ಷ ಪಾಲಿಕೆಯಲ್ಲಿ ನಗರ ಸೇವಕರೇ ಇರಲಿಲ್ಲ, ಆಡಳಿತಾಧಿಕಾರಿಯೇ ಎಲ್ಲವನ್ನೂ ನಡೆಸಿದರು. 2026ರ ಜನವರಿಯ ಚುನಾವಣೆಯ ನಂತರ 227 ಮಂದಿ ಮತ್ತೆ ಆ ಸಭಾಗೃಹದಲ್ಲಿ ಕುಳಿತಿದ್ದಾರೆ. ಈಗ ಕೇಳಲು ಮನುಷ್ಯರಿದ್ದಾರೆ. ಸಂಘಗಳ ವಾರ್ಷಿಕ ಸಮಾರಂಭಗಳಲ್ಲಿ ಅವರಿಗೆ ಶಾಲು ಹೊದಿಸುವಾಗ, ಮೈದಾನದ ಆರೈಕೆಗೆ ವರ್ಷಕ್ಕೆ ಎಷ್ಟು ಹಣ, ಎಷ್ಟು ದಿನ ವಿಶ್ರಾಂತಿ ಎಂಬ ಎರಡು ಪ್ರಶ್ನೆಗಳಿರುವ ಮನವಿ ಪತ್ರವನ್ನೂ ಕೈಗಿಡುವುದು ಒಳಿತು. ಮೊದಲ ಮಳೆ ಬೀಳುವ ಮುನ್ನ ಉತ್ತರ ಸಿಕ್ಕರೆ ಹುಲ್ಲಿಗೂ ಅನುಕೂಲ.