ಅದಿರಿನ ದಾರಿ, ಶಾಲೆಯ ದಾರಿ

ಸಂಡೂರಿನ ಭೂಪಟವನ್ನು ಒಮ್ಮೆ ಬಿಡಿಸಿ ನೋಡಿ. ಎರಡೂ ಕಡೆ ಕಬ್ಬಿಣದ ಅದಿರು ತುಂಬಿದ ಬೆಟ್ಟಸಾಲು, ನಡುವೆ ಕಣಿವೆ, ಕಣಿವೆಯಲ್ಲಿ ಊರು. ಬಯಲಿನ ಊರುಗಳಲ್ಲಿ ಒಂದು ರಸ್ತೆ ತುಂಬಿದರೆ ಪಕ್ಕದಲ್ಲಿ ಇನ್ನೊಂದನ್ನು ಹಾಕಬಹುದು. ಇಲ್ಲಿ ಬೆಟ್ಟ ಅಡ್ಡ ಬರುತ್ತದೆ. ಹೀಗಾಗಿ ಶಾಲೆಗೆ ಹೋಗುವ ಸೈಕಲ್ಲು, ಸಂತೆಗೆ ಹೋಗುವ ಬಸ್ಸು, ಅದಿರು ಹೊತ್ತ ಲಾರಿ ಕೊನೆಗೆ ಒಂದೇ ದಾರಿಗೆ ಬಂದು ಸೇರುತ್ತವೆ.

ವಿದ್ಯಾರ್ಥಿಗಳು ಒಂದು ಸರಳ ಲೆಕ್ಕ ಮಾಡಬಹುದು. 2011ರಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಯನ್ನು ತಡೆಹಿಡಿಯಿತು. ಅದು ಪುನಃ ಆರಂಭವಾದಾಗ ಎಷ್ಟು ಅದಿರು ತೆಗೆಯಬಹುದೆಂಬುದಕ್ಕೆ ಮಿತಿ ಬಂತು. 2022ರಲ್ಲಿ ಜಿಲ್ಲೆಯ ಮಿತಿ ವರ್ಷಕ್ಕೆ 3.5 ಕೋಟಿ ಟನ್ನಿಗೆ ಏರಿತು. 365ರಿಂದ ಭಾಗಿಸಿದರೆ ದಿನಕ್ಕೆ ಸುಮಾರು 96,000 ಟನ್. ಲಾರಿಗೆ 20 ಟನ್ನಿನಂತೆ 4,800 ಲಾರಿ. ಹೋದ ಲಾರಿ ಖಾಲಿಯಾಗಿ ಮರಳಬೇಕಲ್ಲ, ಒಟ್ಟು 9,600 ಓಡಾಟ. ಹಗಲು ರಾತ್ರಿ ಸೇರಿ ಒಂಬತ್ತು ಸೆಕೆಂಡಿಗೊಂದು ಲಾರಿ! ಎಲ್ಲ ಅದಿರೂ ಲಾರಿಯಲ್ಲೇ ಸಾಗಿದರೆ ಎಂಬ ಊಹೆಯ ಲೆಕ್ಕವಿದು. ನಿಜದಲ್ಲಿ ಒಂದಷ್ಟು ಅದಿರು ರೈಲಿನಲ್ಲಿ ಹೋಗುತ್ತದೆ, ಒಂದಷ್ಟು ಕನ್ವೇಯರ್ ಬೆಲ್ಟಿನ ಮೇಲೆ ತೋರಣಗಲ್ಲಿನ ಉಕ್ಕಿನ ಕಾರ್ಖಾನೆ ಸೇರುತ್ತದೆ. ಅವೂ ಇಲ್ಲದಿದ್ದರೆ ಏನಾಗುತ್ತಿತ್ತು ಎಂಬುದನ್ನು ಈ ಲೆಕ್ಕ ಹೇಳುತ್ತದೆ.

ಲಾರಿಗಳ ಸಂಖ್ಯೆಯಷ್ಟೇ ಮುಖ್ಯವಾದುದು ಭಾರ. 1958ರಿಂದ 1960ರವರೆಗೆ ಅಮೆರಿಕದ ಇಲಿನಾಯ್ ರಾಜ್ಯದಲ್ಲಿ ಬೇರೆ ಬೇರೆ ಭಾರದ ಲಾರಿಗಳನ್ನು ಓಡಿಸಿ ರಸ್ತೆಗಳನ್ನು ಪರೀಕ್ಷಿಸಿದರು. ಅಚ್ಚಿನ ಮೇಲಿನ ಭಾರ ಹೆಚ್ಚಿದಂತೆ ರಸ್ತೆಯ ಹಾನಿ ಹೆಚ್ಚುಕಡಿಮೆ ಅದರ ನಾಲ್ಕನೇ ಘಾತದಷ್ಟು ಏರುತ್ತದೆ ಎಂದು ಕಂಡುಬಂತು. ಅಂದರೆ ಭಾರ ಎರಡು ಪಟ್ಟಾದರೆ ಹಾನಿ ಹದಿನಾರು ಪಟ್ಟು. ಮಿತಿ ಮೀರಿ ತುಂಬಿದ ಲಾರಿ ಉಳಿಸಿದ ಬಾಡಿಗೆಯನ್ನು ಗುಂಡಿಗಳ ರೂಪದಲ್ಲಿ ಊರಿನವರು ತೆರುತ್ತಾರೆ.

ಹಾಗಾದರೆ ರಸ್ತೆಯನ್ನು ಅಗಲ ಮಾಡಿದರೆ, ಬೈಪಾಸ್ ಹಾಕಿದರೆ ಸಾಕೇ? ಸಾಲದು. ಬೈಪಾಸ್ ಬಂದ ಊರುಗಳನ್ನು ಗಮನಿಸಿ. ಮೊದಲು ಒಂದು ಪೆಟ್ರೋಲ್ ಬಂಕ್, ಅನಂತರ ಹೋಟೆಲು, ಗ್ಯಾರೇಜು, ಬಳಿಕ ನಿವೇಶನಗಳು, ಕಡೆಗೆ ಒಂದು ಶಾಲೆ. ಹತ್ತು ಹದಿನೈದು ವರ್ಷಗಳಲ್ಲಿ ಬೈಪಾಸೇ ಪೇಟೆಬೀದಿಯಾಗಿ, ಇನ್ನೊಂದು ಬೈಪಾಸ್ ಬೇಕೆಂಬ ಕೂಗು ಏಳುತ್ತದೆ. ರಸ್ತೆ ನೆಲದ ಬೆಲೆಯನ್ನು ಬದಲಿಸುತ್ತದೆ, ನೆಲದ ಬಳಕೆ ರಸ್ತೆಯ ದಟ್ಟಣೆಯನ್ನು ಬದಲಿಸುತ್ತದೆ. ಎರಡನ್ನೂ ಒಂದೇ ಲೆಕ್ಕವಾಗಿ ಬಿಡಿಸಬೇಕು.

ಅದಕ್ಕೆಂದೇ 1961ರ ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆ ಇದೆ. ಅದರಂತೆ ತಯಾರಾಗುವ ಮಹಾಯೋಜನೆಯ ನಕ್ಷೆಯಲ್ಲಿ ವಾಸದ ಪ್ರದೇಶಕ್ಕೆ ಹಳದಿ, ವ್ಯಾಪಾರಕ್ಕೆ ನೀಲಿ, ಕೈಗಾರಿಕೆಗೆ ನೇರಳೆ, ಉದ್ಯಾನಕ್ಕೆ ಹಸಿರು ಬಣ್ಣ ತುಂಬುವುದು ವಾಡಿಕೆ. ಯಾವ ನೆಲ ಯಾವುದಕ್ಕೆ, ಯಾವ ರಸ್ತೆ ಎಲ್ಲಿಗೆ ಎಂಬುದೆಲ್ಲ ಅದರಲ್ಲಿರುತ್ತದೆ. ನೇರಳೆ ಬಣ್ಣದ ಜಾಗಕ್ಕೂ ರೈಲು ನಿಲ್ದಾಣಕ್ಕೂ ನಡುವೆ ಶಾಲೆಯಿದ್ದರೆ ಅಪಾಯ ನಕ್ಷೆಯಲ್ಲೇ ಕಾಣುತ್ತದೆ. ಆಗ ತಿದ್ದಲು ಬೇಕಾದದ್ದು ಒಂದು ರಬ್ಬರು. ಕಟ್ಟಡ ಎದ್ದ ಮೇಲೆ ತಿದ್ದುವುದಕ್ಕೆ ಕೋಟಿಗಟ್ಟಲೆ ಹಣ ಬೇಕು.

ಕರಡು ಯೋಜನೆ ಪ್ರಕಟವಾದಾಗ ಸಾರ್ವಜನಿಕರು 60 ದಿನಗಳೊಳಗೆ ಬರವಣಿಗೆಯಲ್ಲಿ ಅಭಿಪ್ರಾಯ ತಿಳಿಸಬಹುದೆಂದು ಕಾಯ್ದೆ ಹೇಳುತ್ತದೆ. ಸಾಮಾನ್ಯವಾಗಿ ಆ ನಕ್ಷೆಯ ಮುಂದೆ ನಿಲ್ಲುವವರು ನಿವೇಶನ ಮಾರುವವರು, ಕೊಳ್ಳುವವರು. ಮಕ್ಕಳ ತಂದೆತಾಯಿಯರೂ ಅಲ್ಲಿ ನಿಲ್ಲಬೇಕು. ಮಕ್ಕಳು ಸುರಕ್ಷಿತ ಜಾಗದಲ್ಲಿ ನಿಂತು, ಶಾಲೆ ಬಿಡುವ ಹೊತ್ತಿನ ಒಂದು ಗಂಟೆಯಲ್ಲಿ ಹಾದುಹೋಗುವ ಲಾರಿಗಳನ್ನು ಎಣಿಸಿ ಬರೆದುಕೊಳ್ಳಲಿ. ಒಂದು ವಾರದ ಅಂಥ ಎಣಿಕೆ ಅರ್ಜಿಯ ಜೊತೆಗಿದ್ದರೆ ಅದನ್ನು ಬರಿಯ ದೂರು ಎಂದು ಬದಿಗೆ ಸರಿಸುವುದು ಯಾವ ಅಧಿಕಾರಿಗೂ ಸುಲಭವಲ್ಲ.