ಬೆಳಕಿನ ಸಂಶೋಧನೆಯ ಬಳಗವೂ ನಮ್ಮ ಬಾಲಿಕೆಯರೂ

ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ, ಹೆಗ್ಗಡದೇವನಕೋಟೆ ಎಂಬ ಈ ನಾಲ್ಕು ತಾಲ್ಲೂಕುಗಳಿಂದ ಬಂದು ನಮ್ಮಲ್ಲಿ ಹೈಸ್ಕೂಲಿನ ವಿದ್ಯಾಭ್ಯಾಸವನ್ನು ಪೂರೈಸುವ ಬಾಲಿಕೆಯರು ಮುಂದೇನಾಗಬೇಕೆಂದು ತಾಯಿತಂದೆಗಳನ್ನು ಕೇಳಿದರೆ, ದೊರೆಯತಕ್ಕ ಉತ್ತರಗಳು ಬಹುಮಟ್ಟಿಗೆ ಮೂರೇ: ಉಪಾಧ್ಯಾಯಿನಿ, ದಾದಿ, ಅಂಕಗಳು ಚೆನ್ನಾಗಿ ಬಂದರೆ ಡಾಕ್ಟರು. ಈಚಿನ ವರ್ಷಗಳಲ್ಲಿ ಇಂಜಿನಿಯರ್ ಎಂಬ ನಾಲ್ಕನೆಯದೂ ಸೇರಿದೆ. ಇವೆಲ್ಲವೂ ಗೌರವದ ವೃತ್ತಿಗಳೇ ಸರಿ. ನಮ್ಮ ಹಳೆಯ ವಿದ್ಯಾರ್ಥಿನಿಯರಲ್ಲಿ ಅನೇಕರು ಅವುಗಳಿಗೆ ಶೋಭೆ ತಂದಿದ್ದಾರೆ. ಆದರೆ ನಮ್ಮ ಸೀಮೆಗೆ ತೀರ ಸಮೀಪದಲ್ಲಿಯೇ ಬೆಳೆದುಬಂದ ಇನ್ನೊಂದು ಕೆಲಸವುಂಟು. ಅದರ ಹೆಸರನ್ನು ಯಾವ ತಾಯಿಯ ಬಾಯಿಂದಲೂ ನಾವು ಕೇಳಿದ್ದಿಲ್ಲ. ಅದು ಬೆಳಕನ್ನು ಕುರಿತ ಸಂಶೋಧನೆ. ಅದನ್ನು ನಡೆಸುವವರು ಎಂಥವರು, ಅವರ ನಡುವೆ ನಮ್ಮ ಹೆಣ್ಣುಮಕ್ಕಳಿಗೆ ಸ್ಥಳವುಂಟೇ ಎಂಬ ವಿಚಾರವಾಗಿ ನಮ್ಮ ಅಭಿಪ್ರಾಯವನ್ನು ಇಲ್ಲಿ ಅರಿಕೆ ಮಾಡಿಕೊಳ್ಳುತ್ತೇವೆ.

ಈ ಶಾಸ್ತ್ರಕ್ಕೆ ಈಗ ಫೋಟಾನಿಕ್ಸ್ ಎಂದು ಹೆಸರು. ಬೆಳಕನ್ನು ಉಂಟುಮಾಡುವುದು, ಬೇಕಾದ ದಾರಿಯಲ್ಲಿ ಒಯ್ಯುವುದು, ತಡೆಯುವುದು, ಅಳೆಯುವುದು, ಅದರಿಂದ ಕೆಲಸ ತೆಗೆಯುವುದು ಇದರ ವಿಷಯ. ೧೯೬೦ರಲ್ಲಿ ಲೇಸರ್ ಯಂತ್ರವು ಸಿದ್ಧಿಸಿದ ಮೇಲೆ ಇದು ಬಹುವಾಗಿ ಬೆಳೆಯಿತು. ಕೂದಲೆಳೆಯಷ್ಟು ತೆಳುವಾದ ಗಾಜಿನ ನೂಲಿನೊಳಗೆ ಬೆಳಕಾಗಿ ಓಡುವ ಸುದ್ದಿಯು ಇಂದು ನಮ್ಮ ಗ್ರಾಮ ಪಂಚಾಯಿತಿಯ ಕಚೇರಿಗಳ ತನಕ ಬಂದಿದೆ. ಕಣ್ಣಿನ ಪೊರೆಯ ಆಸ್ಪತ್ರೆಯಲ್ಲಿಯೂ ಅಂಗಡಿಯವರ ತಕ್ಕಡಿಯ ಅಂಕಿಗಳಲ್ಲಿಯೂ ಇದರ ಪ್ರಯೋಜನವನ್ನು ದಿನವೂ ಕಾಣುತ್ತೇವೆ.

ಸಂಶೋಧನೆಯೆಂದೊಡನೆ ನಮ್ಮ ಜನರ ಕಣ್ಣಿಗೆ ಕಟ್ಟುವುದು ರುಮಾಲು ಧರಿಸಿದ ಸರ್ ಚಂದ್ರಶೇಖರ ವೆಂಕಟರಾಮನ್ನರ ಚಿತ್ರ. ಮಹಾಪುರುಷನೊಬ್ಬನು ಒಂಟಿಯಾಗಿ ಕುಳಿತು ಪ್ರಕೃತಿಯ ರಹಸ್ಯವನ್ನು ಭೇದಿಸಿದನೆಂಬ ಕಥೆಯು ಪಾಠಪುಸ್ತಕಕ್ಕೆ ಒಪ್ಪುತ್ತದೆ. ಸತ್ಯಕ್ಕೆ ಅಷ್ಟಾಗಿ ಒಪ್ಪುವುದಿಲ್ಲ. ೧೯೨೮ರಲ್ಲಿ ಕಲ್ಕತ್ತೆಯಲ್ಲಿ ಆ ಹೊಸ ಬೆಳಕನ್ನು ಕಂಡ ದಿನಗಳಲ್ಲಿ ಕೆ. ಎಸ್. ಕೃಷ್ಣನ್ ಅವರು ರಾಮನ್ನರ ಪಕ್ಕದಲ್ಲಿದ್ದರು. ಅವರಿಗಿಂತ ಮೊದಲಿನಿಂದಲೂ ಆ ಪ್ರಯೋಗಶಾಲೆಯಲ್ಲಿ ಆಶುತೋಷ ಡೇ ಎಂಬ ಸಹಾಯಕರಿದ್ದರು. ೧೯೦೭ರಲ್ಲಿ ರಾಮನ್ನರು ಮೊದಲ ಸಲ ಅಲ್ಲಿಗೆ ಹೋದಾಗ ಬಾಗಿಲು ತೆರೆದವರು ಇವರೇ. ಮುಂದೆ ಎಷ್ಟೋ ವರ್ಷ ಉಪಕರಣಗಳನ್ನು ಅಣಿಮಾಡಿಕೊಟ್ಟವರೂ ಇವರೇ. ಕಾಲೇಜಿನ ಮೆಟ್ಟಿಲು ಹತ್ತದ ಈ ಸಹಾಯಕರ ಸ್ವಂತ ಹೆಸರಿನಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯ ಪತ್ರಿಕೆಯಲ್ಲಿ ಲೇಖನವೊಂದು ಅಚ್ಚಾಯಿತು. ಈ ಸಂಗತಿಯನ್ನು ವಾಚಕರು ಮನಸ್ಸಿನಲ್ಲಿಟ್ಟುಕೊಳ್ಳಬೇಕೆಂದು ಕೋರುತ್ತೇವೆ. ಮುಂದೆ ಇದಕ್ಕೆ ಪ್ರತಿಯಾದ ಇನ್ನೊಂದು ಸಂಗತಿಯನ್ನು ಹೇಳತಕ್ಕದ್ದಿದೆ.

ಬೆಳಕಿನ ಪ್ರಯೋಗಶಾಲೆಯೆಂದರೆ ದೊಡ್ಡ ಒಕ್ಕಲು ಮನೆಯಂತೆ. ಯಜಮಾನರ ಸ್ಥಾನದಲ್ಲಿ ಪ್ರೊಫೆಸರೊಬ್ಬರಿರುತ್ತಾರೆ. ಡಾಕ್ಟರೇಟು ಪಡೆದು ಇನ್ನೂ ಸ್ವಂತ ಮನೆ ಹೂಡದ ಒಬ್ಬಿಬ್ಬರು, ಡಾಕ್ಟರೇಟಿಗಾಗಿ ದುಡಿಯುವ ನಾಲ್ಕೈದು ಮಂದಿ, ಒಂದೆರಡು ವರ್ಷದ ಮಟ್ಟಿಗೆ ಬಂದ ಎಂ.ಎಸ್ಸಿ. ವಿದ್ಯಾರ್ಥಿಗಳು. ಗಾಜನ್ನು ಊದಿ ಬೇಕಾದ ಆಕಾರಕ್ಕೆ ತರುವವರು, ಲೇತಿನ ಮೇಲೆ ಹಿತ್ತಾಳೆಯನ್ನು ಕಡೆಯುವವರು, ವಿದ್ಯುತ್ತಿನ ಸಲಕರಣೆಗಳನ್ನು ಜೋಡಿಸುವವರು, ಹೊಸ ಪದಾರ್ಥವನ್ನು ಬೇಯಿಸಿ ಶುದ್ಧಿಮಾಡಿ ಕೊಡುವ ರಸಾಯನಜ್ಞರು, ಲೆಕ್ಕ ಹಾಕುವವರು. ಕೊನೆಯದಾಗಿ, ಹೊರದೇಶದಿಂದ ಬರಬೇಕಾದ ಮಸೂರಕ್ಕೆ ಸರ್ಕಾರದ ಮಂಜೂರಾತಿ ತರಿಸುವ ಗುಮಾಸ್ತರು. (ಈ ಗುಮಾಸ್ತರ ಸಾಮರ್ಥ್ಯವನ್ನು ಅಲ್ಪವೆಂದು ತಿಳಿಯುವವರು ಸರ್ಕಾರದ ಹಣದಿಂದ ಒಂದು ಬೆಂಚನ್ನಾದರೂ ಕೊಂಡು ನೋಡಲಿ.) ಇವರಲ್ಲಿ ಒಬ್ಬರು ಕೈಬಿಟ್ಟರೂ ಕೆಲಸ ನಿಂತುಹೋಗುತ್ತದೆ.

ಇದಕ್ಕೆ ನಿದರ್ಶನವನ್ನು ದೂರದಲ್ಲಿ ಹುಡುಕಬೇಕಾಗಿಲ್ಲ. ೧೯೬೧ರಲ್ಲಿ ಮೈಸೂರು ವಿಶ್ವವಿದ್ಯಾನಿಲಯದ ಮಾನಸಗಂಗೋತ್ರಿಯಲ್ಲಿ ಭೌತಶಾಸ್ತ್ರದ ವಿಭಾಗವನ್ನು ಕಟ್ಟುವುದಕ್ಕಾಗಿ ಶಿವರಾಮಕೃಷ್ಣ ಚಂದ್ರಶೇಖರ್ ಎಂಬ ವಿದ್ವಾಂಸರು ಬಂದರು. ದ್ರವದಂತೆ ಹರಿಯುತ್ತ ಹರಳಿನಂತೆ ಬೆಳಕನ್ನು ತಿರುಗಿಸುವ ದ್ರವಸ್ಫಟಿಕಗಳೆಂಬ ವಿಚಿತ್ರ ಪದಾರ್ಥಗಳ ಅಧ್ಯಯನವನ್ನು ಅವರು ಅಲ್ಲಿ ಕೈಕೊಂಡರು. ಗಡಿಯಾರ, ತಕ್ಕಡಿ, ದೂರದರ್ಶನಗಳ ಮುಖದಲ್ಲಿ ಅಂಕಿಗಳನ್ನೂ ಚಿತ್ರಗಳನ್ನೂ ತೋರಿಸುವವು ಇವೇ. ಅವರ ತಮ್ಮಂದಿರಾದ ಪಂಚರತ್ನಂ ಅವರೂ ಆ ವರ್ಷಗಳಲ್ಲಿ ಅದೇ ವಿಭಾಗದಲ್ಲಿ ರೀಡರ್ ಆಗಿದ್ದು, ೧೯೬೪ರಲ್ಲಿ ಆಕ್ಸ್‌ಫರ್ಡಿಗೆ ತೆರಳಿದರು. ಬೆಳಕಿನ ಕಂಪನದ ದಿಕ್ಕನ್ನು ಹಲವು ಸ್ಥಿತಿಗಳಲ್ಲಿ ಸುತ್ತಿಸಿ ಮೊದಲಿನ ಸ್ಥಿತಿಗೇ ತಂದರೂ ಆ ಬೆಳಕು ತಾನು ಸುತ್ತಿದ ದಾರಿಯ ಗುರುತನ್ನು ಉಳಿಸಿಕೊಂಡಿರುತ್ತದೆಂದು ೧೯೫೬ರಲ್ಲಿ, ಇಪ್ಪತ್ತೆರಡರ ವಯಸ್ಸಿನಲ್ಲಿಯೇ, ತೋರಿಸಿಕೊಟ್ಟವರು ಇವರು. ೧೯೬೯ರಲ್ಲಿ ಮೂವತ್ತೈದರ ಪ್ರಾಯದಲ್ಲಿಯೇ ತೀರಿಕೊಂಡರು. ಅವರ ಶೋಧದ ಮಹತ್ತ್ವವು ಲೋಕಕ್ಕೆ ಮನದಟ್ಟಾದದ್ದು ೧೯೮೦ರ ದಶಕದಲ್ಲಿ. ಇಂಥವರು ಹುಣಸೂರಿನಿಂದ ನಲವತ್ತೈದು ಕಿಲೋಮೀಟರಿನ ಆಸುಪಾಸಿನಲ್ಲಿ ಪಾಠ ಹೇಳುತ್ತಿದ್ದರೆಂಬುದನ್ನು ನಮ್ಮ ಮಕ್ಕಳಲ್ಲಿ ಎಷ್ಟು ಮಂದಿ ಕೇಳಿಬಲ್ಲರು?

೧೯೭೧ರಲ್ಲಿ ಚಂದ್ರಶೇಖರ್ ಅವರು ಬೆಂಗಳೂರಿನ ರಾಮನ್ ಸಂಶೋಧನಾಲಯಕ್ಕೆ ಹೋದರು. ಮೈಸೂರಿನಲ್ಲಿ ಅವರ ಕೈಕೆಳಗೆ ತಯಾರಾದ ಎನ್. ವಿ. ಮಧುಸೂದನ, ಆರ್. ಶಶಿಧರ್ ಮೊದಲಾದವರೂ ಅಲ್ಲಿ ಆ ಕೆಲಸವನ್ನು ಮುಂದುವರಿಸಿದರು. ೧೯೭೭ರಲ್ಲಿ ಆ ಬಳಗವು ಕಡ್ಡಿಯಾಕಾರದ ಅಣುಗಳಷ್ಟೇ ಅಲ್ಲದೆ ಬಿಲ್ಲೆಯಾಕಾರದ ಅಣುಗಳೂ ದ್ರವಸ್ಫಟಿಕಗಳಾಗಬಲ್ಲವೆಂದು ಜಗತ್ತಿಗೆ ಮೊದಲು ತೋರಿಸಿತು. ಆ ಲೇಖನದ ಮೇಲೆ ಮೂರು ಹೆಸರುಗಳಿವೆ: ಚಂದ್ರಶೇಖರ್, ಬಿ. ಕೆ. ಸದಾಶಿವ, ಕೆ. ಎ. ಸುರೇಶ್. ಸದಾಶಿವ ಅವರು ರಸಾಯನಜ್ಞರು. ಆ ಪದಾರ್ಥವನ್ನು ಮಾಡುವವರಿಲ್ಲದಿದ್ದರೆ ಭೌತಶಾಸ್ತ್ರಜ್ಞರು ಬರಿಯ ಊಹೆಯನ್ನು ಹಿಡಿದು ಕುಳಿತಿರಬೇಕಾಗುತ್ತಿತ್ತು.

ಇಲ್ಲಿ ಒಂದು ಮಾತನ್ನು ಸಂಕೋಚವಿಲ್ಲದೆ ಹೇಳಬೇಕು. ಚಂದ್ರಶೇಖರ್, ಪಂಚರತ್ನಂ ಇಬ್ಬರೂ ರಾಮನ್ನರ ಸೋದರಿಯ ಮಕ್ಕಳು. ಅವರ ಯೋಗ್ಯತೆ ಅವರದೇ, ಅದರಲ್ಲಿ ಸಂದೇಹವಿಲ್ಲ. ಆದರೆ ಪ್ರಯೋಗಶಾಲೆಯೆಂಬುದೊಂದು ಇದೆ, ಅಲ್ಲಿ ಬಾಳನ್ನು ಕಳೆಯಬಹುದು ಎಂಬ ತಿಳಿವಳಿಕೆ ಅವರಿಗೆ ಮನೆಯಲ್ಲಿಯೇ ಸಿಕ್ಕಿತು. ೧೯೨೨ರಲ್ಲಿ ಹುಟ್ಟಿ, ಅಮೆರಿಕದ ಮಿಷಿಗನ್ನಿನಲ್ಲಿ ಡಾಕ್ಟರೇಟು ಪಡೆದು, ೧೯೫೩ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯನ್ನು ಸೇರಿ, ಬೆಳಕಿನ ಸೋದರಸಂಬಂಧಿಗಳೆನ್ನಬಹುದಾದ ಮೈಕ್ರೋವೇವ್ ಅಲೆಗಳ ಸಂಶೋಧನೆಯನ್ನು ಪತಿಯೊಡನೆ ಅಲ್ಲಿ ಬೆಳೆಸಿದ ಶ್ರೀಮತಿ ರಾಜೇಶ್ವರಿ ಚಟರ್ಜಿಯವರಿಗೂ ಅಂಥ ಅನುಕೂಲವಿತ್ತು: ಅವರು ಅಕ್ಷರ ಕಲಿತದ್ದು ತಮ್ಮ ಅಜ್ಜಿ ಕಮಲಮ್ಮ ದಾಸಪ್ಪನವರು ಸ್ಥಾಪಿಸಿದ ಶಾಲೆಯಲ್ಲಿ. ಹೆಗ್ಗಡದೇವನಕೋಟೆಯ ರೈತನ ಮಗಳಿಗೆ ಇಂಥ ಸೋದರಮಾವನಿಲ್ಲ, ಇಂಥ ಅಜ್ಜಿಯೂ ಇಲ್ಲ. ಆ ಸ್ಥಾನದಲ್ಲಿ ನಿಲ್ಲಬೇಕಾದದ್ದು ಶಾಲೆ. ನಾವು ಅದನ್ನು ಸಾಕಷ್ಟು ಮಾಡುತ್ತಿಲ್ಲವೆಂಬುದೇ ನಮ್ಮ ಆಕ್ಷೇಪ.

ಬಾಗಿಲೊಳಗೆ ಬಂದ ಮಾತ್ರಕ್ಕೆ ಎಲ್ಲವೂ ಮುಗಿಯುವುದಿಲ್ಲವೆಂಬುದಕ್ಕೆ ಕುಮಾರಿ ಅಣ್ಣಾ ಮಣಿಯವರ ಚರಿತ್ರೆ ಸಾಕ್ಷಿ. ತಿರುವಾಂಕೂರಿನ ಪೀರುಮೇಡಿನಲ್ಲಿ ೧೯೧೮ರಲ್ಲಿ ಸಿರಿಯನ್ ಕ್ರೈಸ್ತ ಮನೆತನದಲ್ಲಿ ಹುಟ್ಟಿದವರು. ಎಂಟನೆಯ ಹುಟ್ಟುಹಬ್ಬಕ್ಕೆ ಮನೆಯ ಪದ್ಧತಿಯಂತೆ ವಜ್ರದ ಓಲೆಗಳನ್ನು ಕೊಡಬಂದಾಗ ಬೇಡವೆಂದು, ಬ್ರಿಟಾನಿಕಾ ವಿಶ್ವಕೋಶವನ್ನು ಕೇಳಿ ಪಡೆದರು. ವಿದ್ಯಾರ್ಥಿವೇತನವನ್ನು ಗಳಿಸಿ ೧೯೪೦ರಲ್ಲಿ ಬೆಂಗಳೂರಿಗೆ ಬಂದು ರಾಮನ್ನರ ಬಳಗವನ್ನು ಸೇರಿದರು. ಅಲ್ಲಿ ಅವರ ಪಾಲಿಗೆ ಬಂದದ್ದು, ಚೋದ್ಯವೆನ್ನಿ, ವಜ್ರಗಳೇ! ಮೂವತ್ತಕ್ಕೂ ಹೆಚ್ಚು ವಜ್ರಗಳು ಬೀರುವ ಬೆಳಕನ್ನು ಪರೀಕ್ಷಿಸಿದರು. ಹರಳನ್ನು ದ್ರವರೂಪದ ಗಾಳಿಯ ಶೈತ್ಯದಲ್ಲಿಟ್ಟು, ಕ್ಷೀಣವಾದ ಆ ಬೆಳಕು ಛಾಯಾಫಲಕದ ಮೇಲೆ ಮೂಡುವ ತನಕ ೧೫ರಿಂದ ೨೦ ಗಂಟೆಗಳ ಕಾಲ ಕಾಯಬೇಕಾಗಿತ್ತು. ಎಷ್ಟೋ ರಾತ್ರಿಗಳನ್ನು ಅವರು ಪ್ರಯೋಗಶಾಲೆಯಲ್ಲಿಯೇ ಕಳೆದರು. ೧೯೪೨ರಿಂದ ೧೯೪೫ರ ವರೆಗೆ ತಾವೊಬ್ಬರೇ ಬರೆದ ಐದು ಲೇಖನಗಳನ್ನು ಪ್ರಕಟಿಸಿ, ಡಾಕ್ಟರೇಟಿಗಾಗಿ ಪ್ರಬಂಧವನ್ನು ಮದರಾಸು ವಿಶ್ವವಿದ್ಯಾನಿಲಯಕ್ಕೆ ಒಪ್ಪಿಸಿದರು. ಎಂ.ಎಸ್ಸಿ. ಪದವಿಯಿಲ್ಲವೆಂಬ ಕಾರಣದಿಂದ ವಿಶ್ವವಿದ್ಯಾನಿಲಯವು ಆ ಡಾಕ್ಟರೇಟನ್ನು ನಿರಾಕರಿಸಿತು. ಅದೇ ಬಳಗದಲ್ಲಿ ದ್ರವಗಳಲ್ಲಿ ಬೆಳಕು ಚದರುವುದನ್ನು ಕುರಿತು ಹತ್ತು ಲೇಖನಗಳನ್ನು ಬರೆದಿದ್ದ ಸುನಂದಾಬಾಯಿಯವರಿಗೂ ಡಾಕ್ಟರೇಟು ದೊರೆಯಲಿಲ್ಲ. ಅವರು ಸ್ವೀಡನ್ನಿಗೆ ಹೊರಡುವ ಮುನ್ನವೇ ಅಕಾಲದಲ್ಲಿ ಮೃತರಾದರು.

ಕಾಲೇಜಿಗೇ ಹೋಗದ ಆಶುತೋಷ ಡೇಯವರ ಕೆಲಸವನ್ನು ಪದವಿ ಕೇಳದೆ ರಾಯಲ್ ಸೊಸೈಟಿ ಅಚ್ಚುಮಾಡಿತು; ಆನರ್ಸ್ ಪಾಸುಮಾಡಿ ಐದು ಲೇಖನಗಳನ್ನು ಬರೆದ ಸ್ತ್ರೀಯ ಕೆಲಸವು ಕಾಗದವೊಂದು ಕಡಿಮೆಯೆಂದು ಕಪಾಟನ್ನು ಸೇರಿತು. ಅಣ್ಣಾ ಮಣಿಯವರು ಎದೆಗುಂದಲಿಲ್ಲ. ಇಂಗ್ಲೆಂಡಿನಲ್ಲಿ ಹವಾಮಾನದ ಉಪಕರಣಗಳನ್ನು ಅಭ್ಯಾಸಮಾಡಿ ೧೯೪೮ರಲ್ಲಿ ಹಿಂದಿರುಗಿ, ಭಾರತದ ಹವಾಮಾನ ಇಲಾಖೆಯಲ್ಲಿ ಸುಮಾರು ನೂರು ಬಗೆಯ ಉಪಕರಣಗಳ ನಕ್ಷೆಗಳನ್ನು ಕ್ರಮಗೊಳಿಸಿ, ನಮ್ಮ ನೆಲದ ಮೇಲೆ ಬೀಳುವ ಬಿಸಿಲನ್ನು ಅಳೆಯುವ ಕೇಂದ್ರಗಳ ಜಾಲವನ್ನು ಕಟ್ಟಿ, ೧೯೭೬ರಲ್ಲಿ ಡೆಪ್ಯುಟಿ ಡೈರೆಕ್ಟರ್ ಜನರಲ್ ಪದವಿಯಿಂದ ನಿವೃತ್ತರಾದರು. ಇಂದು ಮನೆಯ ಸೂರಿನ ಮೇಲೆ ಸೌರಫಲಕಗಳನ್ನು ಹಾಸುವವರೆಲ್ಲರೂ ಅವರಿಗೆ ಋಣಿಗಳು. ಹಾಗೆಂದು ಅವರಿಗಾದದ್ದು ಸರಿಯೆನಿಸುವುದೇ? ಧೈರ್ಯವಂತರು ಅನ್ಯಾಯವನ್ನು ದಾಟಿಹೋದರೆಂಬುದು ಅನ್ಯಾಯ ಮಾಡಿದವರಿಗೆ ಸಮಾಧಾನವಾಗಬಾರದು.

ಈಗ ಕಾಲವು ಬಹುಮಟ್ಟಿಗೆ ಮಾರ್ಪಟ್ಟಿದೆ. ಅದೇ ರಾಮನ್ ಸಂಶೋಧನಾಲಯದಲ್ಲಿ ಶ್ರೀಮತಿ ಹೇಮಾ ರಾಮಚಂದ್ರನ್ ಅವರು ದಟ್ಟವಾದ ಮಂಜಿನ ಮೂಲಕ ನೋಡುವ ಉಪಾಯವನ್ನು ಸಾಧಿಸಿದ್ದಾರೆ. ಮಾಗಿಯ ಬೆಳಗಿನಲ್ಲಿ ಪಿರಿಯಾಪಟ್ಟಣದ ರಸ್ತೆಯಲ್ಲಿ ಬಸ್ಸು ಹತ್ತಿದವರಿಗೆ ಅದರ ಬೆಲೆಯನ್ನು ವಿವರಿಸಬೇಕಾಗಿಲ್ಲ. ಶ್ರೀಮತಿ ಉರ್ಬಸಿ ಸಿನ್ಹಾ ಅವರ ಬಳಗವು ೨೦೨೧ರಲ್ಲಿ ಆ ಸಂಸ್ಥೆಯ ಎರಡು ಕಟ್ಟಡಗಳ ನಡುವೆ ಬಯಲಿನಲ್ಲಿಯೇ, ಕದ್ದು ಕೇಳಲಾಗದ ಸಂದೇಶವನ್ನು ಬೆಳಕಿನ ಕಣಗಳ ಮೂಲಕ ಕಳುಹಿಸಿ ತೋರಿಸಿತು. ಸ್ತ್ರೀಯರು ಬಳಗದೊಳಗೆ ಸೇರಿದ್ದಷ್ಟೇ ಅಲ್ಲದೆ ಬಳಗಕ್ಕೆ ಯಜಮಾನಿಯರೂ ಆಗಿದ್ದಾರೆ.

ಇನ್ನು ತಾಯಿತಂದೆಗಳ ಶಂಕೆಗಳು. ಮೊದಲನೆಯದು ರಾತ್ರಿಯ ಕೆಲಸ. ಬೆಳಕಿನ ಪ್ರಯೋಗಗಳಿಗೆ ಕತ್ತಲೆಯೂ ನಿಶ್ಶಬ್ದವೂ ಬೇಕು. ಹಗಲು ಹೊರಗೆ ಲಾರಿಯೊಂದು ಹಾದುಹೋದರೂ ಮೇಜು ನಡುಗಿ ಅಳತೆ ಕೆಡುವುದುಂಟು. ಹೆಣ್ಣುಮಗಳು ನಡುರಾತ್ರಿಯ ತನಕ ಹೊರಗಿರುವುದೆಂದರೇನು ಎಂದು ಕೇಳುವವರಿಗೆ ನಾವು ಕೇಳುತ್ತೇವೆ: ಹೊಗೆಸೊಪ್ಪಿನ ಕಾಲದಲ್ಲಿ ನಮ್ಮ ಹುಣಸೂರು ಪಿರಿಯಾಪಟ್ಟಣದ ಮನೆಗಳಲ್ಲಿ ಏನು ನಡೆಯುತ್ತದೆ? ಎಲೆಗಳನ್ನು ಕಡ್ಡಿಗೆ ಕಟ್ಟುವವರು ಹೆಂಗಸರು. ಬ್ಯಾರನ್ನಿಗೆ ಏರಿಸಿದ ಮೇಲೆ ಐದಾರು ದಿನ ರಾತ್ರಿಹಗಲು ಬೆಂಕಿಯನ್ನು ಕಾಯ್ದು, ಉಷ್ಣಮಾಪಕವನ್ನು ನೋಡಿ ನೋಡಿ, ಕಾವನ್ನು ೩೫ರಿಂದ ೭೦ ಡಿಗ್ರಿಗೆ ಮೆಲ್ಲನೆ ಏರಿಸಬೇಕು. ಅವಸರವಾದರೆ ಎಲೆ ಕಪ್ಪಾಗಿ ವರ್ಷದ ದುಡಿಮೆ ಮಣ್ಣುಪಾಲು. ಆ ನಿದ್ದೆಗೇಡಿನಲ್ಲಿ ತಾಯಿಯೂ ಮಗಳೂ ಪಾಲುಗೊಳ್ಳುತ್ತಾರೆ. ಆಗ ರಾತ್ರಿಯು ಅಡ್ಡಬರುವುದಿಲ್ಲ. ವಿದ್ಯೆಗೆ ಮಾತ್ರ ಅಡ್ಡಬರುವುದೇಕೆ? ಸುರಕ್ಷಿತವಾದ ವಸತಿಯನ್ನೂ ಬೆಳಕಿರುವ ದಾರಿಯನ್ನೂ ವಿಶ್ವವಿದ್ಯಾನಿಲಯದಿಂದ ಕೇಳಿ ಪಡೆಯುವುದು ತಂದೆಯ ಹಕ್ಕು. ಅದನ್ನು ಗಟ್ಟಿಯಾಗಿ ಕೇಳಲಿ, ಮಗಳನ್ನು ಮನೆಯಲ್ಲಿ ನಿಲ್ಲಿಸದಿರಲಿ.

ಎರಡನೆಯದು ಮದುವೆ. ಎಂ.ಎಸ್ಸಿ. ಆದ ಮೇಲೆ ಡಾಕ್ಟರೇಟಿಗೆ ಐದಾರು ವರ್ಷ ಹಿಡಿಯುವುದು ನಿಜ. ಆ ವೇಳೆಗೆ ಮಗಳ ಪ್ರಾಯ ಇಪ್ಪತ್ತೆಂಟು ದಾಟುವುದೂ ನಿಜ. ಅಷ್ಟು ಕಾಯಲಾರದ ವರನು ಅವಳಿಗೆ ತಕ್ಕವನಲ್ಲವೆಂಬುದು ನಮ್ಮ ಅಭಿಪ್ರಾಯ. ಇದರಿಂದ ಕೆಲವರಿಗೆ ಅಸಮಾಧಾನವಾದರೂ ಆಗಲಿ. ಹಣದ ಮಾತು ಸುಲಭವಾದದ್ದು. ರಾಷ್ಟ್ರಮಟ್ಟದ ಪರೀಕ್ಷೆಯಲ್ಲಿ ತೇರ್ಗಡೆಯಾದ ಸಂಶೋಧಕಿಗೆ ೨೦೨೩ರ ಪರಿಷ್ಕಾರದಂತೆ ಮೊದಲ ಎರಡು ವರ್ಷ ತಿಂಗಳಿಗೆ ೩೭,೦೦೦ ರೂಪಾಯಿ, ಆಮೇಲೆ ೪೨,೦೦೦ ರೂಪಾಯಿ ವೇತನವುಂಟು. ಅವಳು ಮನೆಗೆ ಭಾರವಲ್ಲ.

ಡಾಕ್ಟರೇಟೇ ಆಗಬೇಕೆಂದೂ ನಾವು ಹೇಳುವುದಿಲ್ಲ. ಡಿಪ್ಲೊಮಾ ಮಾಡಿದ ಹುಡುಗಿಯು ಪ್ರಯೋಗಶಾಲೆಯ ಕಾರ್ಯಾಗಾರದಲ್ಲಿ ಉಪಕರಣಗಳನ್ನು ಕಟ್ಟಬಹುದು; ರಸಾಯನಶಾಸ್ತ್ರ ಓದಿದವಳು ಹೊಸ ಪದಾರ್ಥಗಳನ್ನು ಮಾಡಿಕೊಡಬಹುದು; ಗಾಜು ಊದುವ ವಿದ್ಯೆಯನ್ನು ಹೆಣ್ಣು ಕಲಿಯಬಾರದೆಂದು ಯಾವ ಶಾಸ್ತ್ರವೂ ಇಲ್ಲ. ಆದರೆ ಯಾವ ಕೆಲಸ ಮಾಡಿದರೂ ಅವಳ ಹೆಸರು ಲೇಖನದಲ್ಲಿ ಬರತಕ್ಕದ್ದು. ಸಹಾಯಕಿಯೆಂದು ಕರೆದು ಹೆಸರನ್ನು ಬಿಟ್ಟುಬಿಡುವ ಅಭ್ಯಾಸವಿರುವ ಬಳಗವನ್ನು ನಮ್ಮ ಹುಡುಗಿಯರು ಸೇರುವುದೇ ಬೇಡ.

ನಮ್ಮ ಶಾಲೆಗಳ ಕರ್ತವ್ಯಕ್ಕೆ ಬಂದರೆ, ನಮ್ಮ ಸೀಮೆಯ ಎಷ್ಟೋ ಶಾಲೆಗಳಲ್ಲಿ ಗಾಜಿನ ಪಟ್ಟಕವೂ ಮಸೂರಗಳೂ ಬೀರುವಿನೊಳಗೆ ಬೀಗ ಹಾಕಿಸಿಕೊಂಡು, ತನಿಖೆಯವರು ಬಂದ ದಿನ ಮಾತ್ರ ಬೆಳಕು ಕಾಣುತ್ತವೆ. ಒಡೆದೀತೆಂಬ ಭಯ. ಒಡೆಯಲಿ. ವರ್ಷಕ್ಕೆ ನಾಲ್ಕು ಮಸೂರಗಳೊಡೆದ ಶಾಲೆಯಲ್ಲಿ ಪಾಠ ನಡೆದಿದೆಯೆಂದು ನಾವು ನಂಬುತ್ತೇವೆ.

ಹಳೆಯ ವಿದ್ಯಾರ್ಥಿನಿಯರಲ್ಲಿ ನಮ್ಮದೊಂದು ಬಿನ್ನಹ. ಒಂಬತ್ತು, ಹತ್ತನೆಯ ತರಗತಿಯ ಬಾಲಿಕೆಯರಲ್ಲಿ ಹತ್ತಿಪ್ಪತ್ತು ಮಂದಿಯನ್ನು ಪ್ರತಿ ವರ್ಷವೂ ಮೈಸೂರಿನ ಇಲ್ಲವೆ ಬೆಂಗಳೂರಿನ ಬೆಳಕಿನ ಪ್ರಯೋಗಶಾಲೆಯೊಂದಕ್ಕೆ ಕರೆದೊಯ್ಯುವ ಹೊಣೆಯನ್ನು ನಿಮ್ಮ ಸಂಘವು ವಹಿಸಿಕೊಳ್ಳಲಿ. ವಿಜ್ಞಾನ ಸಂಸ್ಥೆಯು ವರ್ಷಕ್ಕೊಮ್ಮೆ ಸಾರ್ವಜನಿಕರಿಗೆ ಬಾಗಿಲು ತೆರೆಯುವ ದಿನ ಜನಜಾತ್ರೆ ಸೇರುವುದರಿಂದ ಅದು ಸಾಲದು. ಕೆಲಸ ನಡೆಯುತ್ತಿರುವ ಸಾಮಾನ್ಯ ದಿನವೊಂದರಲ್ಲಿ, ಅನುಮತಿ ಪಡೆದು, ಪ್ರೊಫೆಸರರ ಕೊಠಡಿಯಷ್ಟೇ ಅಲ್ಲದೆ ಕಾರ್ಯಾಗಾರವನ್ನೂ ಗಾಜು ಊದುವ ಒಲೆಯನ್ನೂ ತೋರಿಸಬೇಕು. ಆ ಊರುಗಳಲ್ಲಿ ನೆಲಸಿರುವ ನಿಮ್ಮಲ್ಲಿ ಕೆಲವರು ಮಕ್ಕಳಿಗೆ ಒಂದು ರಾತ್ರಿಯ ಊಟ ವಸತಿಗಳನ್ನು ಒದಗಿಸಿದರೆ ಖರ್ಚು ಬಸ್ಸಿನ ಬಾಡಿಗೆಯಷ್ಟೇ ಆಗುತ್ತದೆ. ಬಸ್ಸಿನಲ್ಲಿ ಐದಾರು ಸ್ಥಳಗಳನ್ನು ತಾಯಂದಿರಿಗಾಗಿ ಕಾದಿರಿಸತಕ್ಕದ್ದು.